ಕ್ಲಚ್ ಹೊಸದು, ಆದರೂ ಲಾರಿ ಅದುರುತ್ತಿದೆ: ಗೇರ್‌ಬಾಕ್ಸ್ ಮತ್ತೆ ಇಳಿಸುವ ಮೊದಲು ಇಷ್ಟು ನೋಡಿ

ಕ್ಲಚ್ ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಗೆ ಬಂದ ದಿನ ಲಾರಿ ಓಡಿಸುವುದೇ ಒಂದು ಖುಷಿ. ಪೆಡಲ್ ಹಗುರ, ಗೇರ್ ಬೆಣ್ಣೆ ಹಾಗೆ ಬೀಳುತ್ತದೆ. ಅದೇ ಖುಷಿಯಲ್ಲಿ ನಾನು ಬೆಂಗಳೂರಿನ ಪೀಣ್ಯ ದಾಟಿ ತುಮಕೂರು ರಸ್ತೆ ಹಿಡಿದೆ. ಸ್ಪೀಡ್ 50 ಮುಟ್ಟಿತು, ಸೀಟಿನ ಕೆಳಗಿಂದ ಗುಂಯ್ ಅಂತ ಒಂದು ನಡುಕ ಶುರುವಾಯಿತು. 58ಕ್ಕೆ ಬಂದಾಗ ಡ್ಯಾಶ್‌ಬೋರ್ಡ್ ಮೇಲಿದ್ದ ಬಿಲ್ಲುಗಳ ಕಟ್ಟು ಜಾರಿ ಕೆಳಗೆ ಬಿತ್ತು. 65 ದಾಟಿದರೆ ಸ್ವಲ್ಪ ಕಡಿಮೆ. ಕ್ಲಚ್ ಕೆಲಸಕ್ಕೆ ಮೊದಲು ಇದು ಇರಲೇ ಇಲ್ಲ.

ವಾಪಸ್ ಹೋದೆ. "ಹೊಸ ಪ್ಲೇಟ್ ಅಲ್ವಾ ಅಣ್ಣ, ಓಡ್ತಾ ಓಡ್ತಾ ಸೆಟ್ ಆಗುತ್ತೆ" ಅಂದರು. ಆಗಲಿಲ್ಲ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಬದಲಾಯಿಸಿದರು, ಮತ್ತೆ ಅದೇ ನಡುಕ. ಇನ್ನೊಂದು ಸಲ ಇಳಿಸಿದರು. ನಾಲ್ಕು ದಿನದ ಬಾಡಿಗೆ ಹೋಯಿತು, ಲೇಬರ್ ದುಡ್ಡು ಬೇರೆ. ಕೊನೆಗೆ ನೋಡಿದರೆ ಕ್ಲಚ್‌ನಲ್ಲಿ ಏನೂ ತೊಂದರೆ ಇರಲಿಲ್ಲ, ಕ್ಲಚ್ ತೆಗೆಯುವುದಕ್ಕಾಗಿ ಬಿಚ್ಚಿದ್ದ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ, ತಿರುಗುವ ಉದ್ದನೆಯ ಕೊಳವೆ) ವಾಪಸ್ ಹಾಕುವಾಗ ಹಲ್ಲು ತಪ್ಪಿ ಕೂತಿತ್ತು. ಅರ್ಧ ಗಂಟೆ ಕೆಲಸ. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕ್ಲಚ್ ಹಾಕಿದ ಮೇಲೆ ಬಂದ ನಡುಕ ಅಂದರೆ ಕ್ಲಚ್‌ದೇ ನಡುಕ ಅಂತ ಅರ್ಥ ಅಲ್ಲ. ಗೇರ್‌ಬಾಕ್ಸ್ ಹಿಂದಕ್ಕೆ ಎಳೆಯಬೇಕಾದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಶಾಫ್ಟನ್ನು ನಡುವೆ ಹಿಡಿದುಕೊಳ್ಳುವ ಸೆಂಟರ್ ಬೇರಿಂಗ್ ಸಡಿಲ ಮಾಡಬೇಕು, ಗೇರ್‌ಬಾಕ್ಸ್ ಮೌಂಟಿಂಗ್ (ಅದು ಕೂರುವ ರಬ್ಬರ್ ಆಸರೆ) ತೆಗೆಯಬೇಕು, ಎಷ್ಟೋ ಲಾರಿಗಳಲ್ಲಿ ಸೈಲೆನ್ಸರ್ ಪೈಪಿನ ಬ್ರ್ಯಾಕೆಟ್ಟೂ ಬಿಚ್ಚಬೇಕು. ಕೈ ಬಿದ್ದ ಜಾಗಗಳು ಇಷ್ಟಿವೆ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ನಡುಕ ಎಂಜಿನ್ ಹೇಳಿದಂತೆ ಕೇಳುತ್ತಿದೆಯೋ, ಚಕ್ರ ಹೇಳಿದಂತೆ ಕೇಳುತ್ತಿದೆಯೋ? ಎಂಜಿನ್ ಜೊತೆ ಏರಿ ಇಳಿದರೆ ಫ್ಲೈವೀಲ್ (ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರ), ಕ್ಲಚ್, ಮೌಂಟಿಂಗ್ ಕಡೆ ನೋಡಬೇಕು. ಲಾರಿಯ ಸ್ಪೀಡ್ ಜೊತೆ ಏರಿ ಇಳಿದರೆ ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ನೋಡಬೇಕು. ಇದು ಗೊತ್ತಾಗುವ ತನಕ ಸ್ಪ್ಯಾನರ್ ಮುಟ್ಟಬೇಡಿ.

ನಿಂತಲ್ಲೇ ನೋಡುವುದು

ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಮರದ ತುಂಡು. ಎಂಜಿನ್ ಹತ್ತು ನಿಮಿಷ ಓಡಿ ಬಿಸಿಯಾಗಲಿ. ಆಮೇಲೆ ಆಕ್ಸಿಲರೇಟರ್ ನಿಧಾನವಾಗಿ ಒತ್ತುತ್ತಾ ಮುಳ್ಳನ್ನು 2000 ಆರ್‌ಪಿಎಂ ತನಕ ಏರಿಸಿ. ಸುಮ್ನೆ ಒಂದೇ ಏಟಿಗೆ ರೇಸ್ ಮಾಡಿದರೆ ಏನೂ ತಿಳಿಯುವುದಿಲ್ಲ. ಒಂದೊಂದು ಹಂತದಲ್ಲೂ ಎರಡು ಮೂರು ಸೆಕೆಂಡ್ ನಿಲ್ಲಿಸಿ, ಒಂದು ಕೈ ಗೇರ್ ಲಿವರ್ ಮೇಲಿರಲಿ.

ಇಲ್ಲಿ ನಡುಕ ಬಂತು ಅಂದರೆ ಶಾಫ್ಟು, ಟೈರು ಎರಡರದ್ದೂ ತಪ್ಪಿಲ್ಲ, ಏಕೆಂದರೆ ಅವು ತಿರುಗುತ್ತಲೇ ಇಲ್ಲ. ಈಗ ಅದೇ ಆರ್‌ಪಿಎಂ ಹಿಡಿದುಕೊಂಡು ಕ್ಲಚ್ ಪೂರ್ತಿ ಒತ್ತಿ, ಕೆಲವು ಸೆಕೆಂಡ್ ಕಾಯಿರಿ. ಪೆಡಲ್ ಒತ್ತಿದಾಗ ಕ್ಲಚ್ ಪ್ಲೇಟೂ ಅದರಿಂದ ಗೇರ್‌ಬಾಕ್ಸ್ ಒಳಗೆ ಹೋಗುವ ಕ್ಲಚ್ ಶಾಫ್ಟೂ ನಿಧಾನವಾಗಿ ನಿಲ್ಲುತ್ತಾ ಬರುತ್ತವೆ, ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್ ಮಾತ್ರ ಎಂಜಿನ್ ಜೊತೆ ತಿರುಗುತ್ತಲೇ ಇರುತ್ತವೆ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಉತ್ತರ ತಾನಾಗಿ ಸಿಗುತ್ತದೆ. ಪೆಡಲ್ ಒತ್ತಿದರೂ ನಡುಕ ಹಾಗೇ ಇದ್ದರೆ ಫ್ಲೈವೀಲ್, ಪ್ರೆಶರ್ ಪ್ಲೇಟ್ ಅಥವಾ ಮೌಂಟಿಂಗ್. ಒತ್ತಿದ ತಕ್ಷಣವೋ ಸ್ವಲ್ಪ ಹೊತ್ತಿಗೋ ನಿಂತುಹೋದರೆ ಕ್ಲಚ್ ಪ್ಲೇಟ್, ಕ್ಲಚ್ ಶಾಫ್ಟ್, ಅಥವಾ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನೇರ ಕೂತಿಲ್ಲ. ಒತ್ತಿದಾಗ ಮಾತ್ರ ಬಂದರೆ ರಿಲೀಸ್ ಬೇರಿಂಗ್ ತೊಂದರೆ, ಅಥವಾ ಪೆಡಲ್ ಒತ್ತಿದಾಗ ಅದು ತಳ್ಳುವ ಪ್ರೆಶರ್ ಪ್ಲೇಟಿನ ಬೆರಳುಗಳು ಒಂದೇ ಮಟ್ಟದಲ್ಲಿಲ್ಲ. ಕ್ಲಚ್ ಶಾಫ್ಟಿನ ಮುಂದಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಮೇಲೆ ಅನುಮಾನ ಇದ್ದರೆ, ನಿಂತಲ್ಲೇ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸ್ಲೋಗೆ ಬಿಟ್ಟು ಕ್ಲಚ್ ಒತ್ತಿ ಗೇರ್ ಹಾಕಿ ಕೇಳಿ. ಕ್ಲಚ್ ಶಾಫ್ಟ್ ನಿಂತು ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ತಿರುಗುವಾಗಲೇ ಆ ಬೇರಿಂಗ್ ಕೆಲಸ ಮಾಡುವುದು, ಹಾಗಾಗಿ ಅದರ ಸದ್ದು ಬರುವುದೂ ಆಗಲೇ. ಗೇರ್‌ನಲ್ಲಿ ಇರುವಾಗ ಲಾರಿ ಮುಂದೆ ಯಾರೂ ನಿಲ್ಲಬಾರದು.

ನಿಂತಲ್ಲಿ ನಡುಕ ಇದೆ ಅಂತ ಆದರೂ ತಕ್ಷಣ ಗೇರ್‌ಬಾಕ್ಸ್ ಕಡೆ ಓಡಬೇಡಿ. ಕ್ಯಾಬಿನ್ ಎತ್ತಿ ಮೌಂಟಿಂಗ್ ನೋಡಿ. ಗೇರ್‌ಬಾಕ್ಸ್ ಇಳಿಸುವಾಗ ಎಂಜಿನ್ ಹಿಂಭಾಗ ಬಗ್ಗಿರುತ್ತದೆ, ಹಳೆಯ ರಬ್ಬರ್ ಆಗಲೇ ಬಿಟ್ಟುಕೊಂಡಿರಬಹುದು. ರಬ್ಬರಿಗೂ ಕಬ್ಬಿಣಕ್ಕೂ ನಡುವೆ ಬಿರುಕು ಇದೆಯಾ, ಬೋಲ್ಟ್ ಬಿಗಿ ಇದೆಯಾ, ಕೆಳಗಿನ ವಾಷರ್ ತಿರುಗುಮುರುಗಾಗಿದೆಯಾ ನೋಡಿ. ಸೈಲೆನ್ಸರ್ ಪೈಪ್ ಚಾಸಿಗೋ ಕ್ರಾಸ್ ಮೆಂಬರ್‌ಗೋ ತಾಗುತ್ತಿದ್ದರೆ ಇಡೀ ಕ್ಯಾಬಿನ್ ಅದುರುತ್ತದೆ, ಕೇಳಿದವರಿಗೆ ಫ್ಲೈವೀಲೇ ಹೋಗಿದೆ ಅನ್ನಿಸುತ್ತದೆ. ತಾಗಿದ ಜಾಗದಲ್ಲಿ ಉಜ್ಜಿ ಹೊಳೆಯುವ ಗುರುತು ಇದ್ದೇ ಇರುತ್ತದೆ. ಎಂಜಿನ್ ಆಫ್ ಮಾಡಿ, ಟಾರ್ಚ್ ಹಿಡಿದು ಹುಡುಕಿ.

ರಸ್ತೆಯಲ್ಲಿ ನೋಡುವುದು

ನಿಂತಲ್ಲಿ ಏನೂ ಇಲ್ಲ, ಓಡುವಾಗ ಮಾತ್ರ ಅಂದರೆ ರಸ್ತೆಗೇ ಹೋಗಬೇಕು. ಸಿಟಿ ಒಳಗೆ ಈ ಟೆಸ್ಟ್ ಆಗುವುದಿಲ್ಲ. ಗೊರಗುಂಟೆಪಾಳ್ಯದ ಹತ್ತಿರ 50 ಸ್ಪೀಡ್‌ನಲ್ಲಿ ಒಂದು ನಿಮಿಷ ಹಿಡಿದುಕೊಳ್ಳುವುದು ಸಾಧ್ಯವೇ ಹೇಳಿ. ನೆಲಮಂಗಲ ದಾಟಿ ಕುಣಿಗಲ್ ಕಡೆ ಬೆಳಿಗ್ಗೆ ಬೇಗ ಹೋಗಿ, ರಸ್ತೆ ನೇರ ಇರಲಿ, ಹಿಂದೆ ವಾಹನ ಇಲ್ಲದಿರಲಿ. ಜೊತೆಗೆ ಒಬ್ಬರು ಇರಲಿ, ಬರೆದುಕೊಳ್ಳುವುದು ಅವರ ಕೆಲಸ. ಹೊರಡುವ ಮೊದಲು ಹಿಂದಿನ ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯಾ, ವೀಲ್ ನಟ್ಟು ಬಿಗಿ ಇದೆಯಾ, ಗಾಳಿ ಸರಿ ಇದೆಯಾ ನೋಡಿ. ಎರಡು ನಿಮಿಷದ ಕೆಲಸ, ಆಮೇಲೆ ಆ ಅನುಮಾನ ಇರುವುದಿಲ್ಲ.

ನಡುಕ ಬರುವ ಸ್ಪೀಡ್‌ಗೆ ಟಾಪ್ ಗೇರ್‌ನಲ್ಲಿ ಬನ್ನಿ. ನನ್ನದಾದರೆ 55. ಆರ್‌ಪಿಎಂ ಬರೆದುಕೊಳ್ಳಿ. ಈಗ ಒಂದು ಗೇರ್ ಇಳಿಸಿ ಅದೇ 55 ಹಿಡಿಯಿರಿ. ಆರ್‌ಪಿಎಂ ಏರಿತು, ಆದರೆ ನಡುಕ 55ರಲ್ಲೇ ಇದೆ ಅಂದರೆ ಅದು ರಸ್ತೆಯ ಕಡೆಯದು, ಅಂದರೆ ಶಾಫ್ಟ್, ಸೆಂಟರ್ ಬೇರಿಂಗ್, ಹಬ್ಬು, ಟೈರು. 55ರಲ್ಲಿ ಹೋಗಿ ಇನ್ನೂ ಕಡಿಮೆ ಸ್ಪೀಡ್‌ನಲ್ಲಿ, ಆದರೆ ಮೊದಲಿನ ಆರ್‌ಪಿಎಂನಲ್ಲೇ ಬಂತು ಅಂದರೆ ಎಂಜಿನ್ ಕಡೆಯದು. ಗೇರ್ ಬದಲಾಯಿಸಿ ನೋಡುವ ಈ ಒಂದು ಟೆಸ್ಟ್ ಮಾಡದೆ ಗೇರ್‌ಬಾಕ್ಸ್ ಇಳಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನನ್ನ ಲಾರಿಗೆ ಇದನ್ನು ಯಾರೂ ಮಾಡಿರಲಿಲ್ಲ.

ಇನ್ನೊಂದು ಬಾಕಿ ಇದೆ. ಅದೇ ಸ್ಪೀಡ್‌ನಲ್ಲಿ ಕ್ಷಣ ಹೊತ್ತು ನ್ಯೂಟ್ರಲ್ ಮಾಡಿ ಎಂಜಿನ್ ಸ್ಲೋಗೆ ಬಿಡಿ. ನೇರ ಸಮತಟ್ಟಾದ ರಸ್ತೆಯಲ್ಲಿ ಮಾತ್ರ, ಇಳಿಜಾರಿನಲ್ಲಿ ಬೇಡವೇ ಬೇಡ, ಎಂಜಿನ್ ಆಫ್ ಮಾಡಲೇಬಾರದು, ಮಾಡಿದರೆ ಪವರ್ ಸ್ಟೀರಿಂಗ್ ಹೋಗುತ್ತದೆ, ಗಾಳಿ ಬ್ರೇಕಿಗೆ ಗಾಳಿ ತುಂಬುವುದು ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೂ ನಡುಕ ಹಾಗೇ ಇದ್ದರೆ ಕ್ಲಚ್ ಅಲ್ಲ ಅಂತ ಬರೆದಿಟ್ಟುಕೊಳ್ಳಿ. ಎಳೆಯುವಾಗ ಮಾತ್ರ ಬಂದು ಕಾಲು ತೆಗೆದರೆ ಹೋಗುತ್ತದೆ ಅಂದರೆ ಶಾಫ್ಟಿನ ತುದಿಯ ಜಾಯಿಂಟ್ ಒಳಗಿರುವ ಕೂಡು ಗುರುತಿನ ಆಕಾರದ ಕ್ರಾಸ್, ಜಾಯಿಂಟಿನ ಕೋನ ಅಥವಾ ಮೌಂಟಿಂಗ್ ಮೇಲೆ ಜಾಸ್ತಿ ಅನುಮಾನ.

ಟೈರೋ ಶಾಫ್ಟೋ ಅನ್ನುವುದನ್ನು ಲೆಕ್ಕ ಹಾಕಿಯೂ ಹೇಳಬಹುದು. 60 ಸ್ಪೀಡ್ ಅಂದರೆ ನಿಮಿಷಕ್ಕೆ 1000 ಮೀಟರ್. ಟೈರಿನ ಸುತ್ತಳತೆ ಸುಮಾರು 2.5 ಮೀಟರ್ ಇದ್ದರೆ ಅದು ನಿಮಿಷಕ್ಕೆ 400 ಸುತ್ತು ತಿರುಗುತ್ತದೆ, ಸೆಕೆಂಡಿಗೆ ಆರೇಳು. ಹಿಂದಿನ ಆಕ್ಸಲ್‌ನ ಕ್ರೌನ್ ಗೇರ್ ಅನುಪಾತ 5 ಇದ್ದರೆ ಪ್ರೊಪೆಲ್ಲರ್ ಶಾಫ್ಟ್ ಅದರ ಐದು ಪಟ್ಟು, ಅಂದರೆ ನಿಮಿಷಕ್ಕೆ 2000, ಸೆಕೆಂಡಿಗೆ ಸುಮಾರು 33. ಹಾಗಾಗಿ ಟೈರಿನ ತೊಂದರೆ ಮೈ ಕುಲುಕುವ ಹಾಗಿರುತ್ತದೆ, ಒಂದೊಂದು ಏಟೂ ಎಣಿಸಬಹುದು ಅನ್ನಿಸುತ್ತದೆ. ಶಾಫ್ಟಿನದು ಎಣಿಸಲು ಆಗದ ಗುಂಯ್‌ಗುಡುವಿಕೆ, ಸೀಟು ನೆಲ ಎರಡರಲ್ಲೂ ಗೊತ್ತಾಗುತ್ತದೆ. ಫೋನ್ ಇದ್ದರೆ ಇನ್ನೂ ಸುಲಭ. ಫೈಫಾಕ್ಸ್ ಅಂತ ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಉಚಿತ ಆ್ಯಪ್ ಇದೆ, ಅದರಲ್ಲಿ ನಡುಕ ಸೆಕೆಂಡಿಗೆ ಎಷ್ಟು ಸಲ ಬರುತ್ತಿದೆ ಅಂತ ಗ್ರಾಫ್ ಬರುತ್ತದೆ. ಫೋನನ್ನು ಕ್ಯಾಬಿನ್ ನೆಲಕ್ಕೆ ಟೇಪ್ ಹಾಕಿ ಅಂಟಿಸಿ, ಪಕ್ಕದಲ್ಲಿ ಕೂತವರು ನೋಡಲಿ, ಓಡಿಸುವವರು ನೋಡಬಾರದು. ಆರೇಳರ ಹತ್ತಿರ ಗೀಟು ಎದ್ದರೆ ಟೈರು, 33ರ ಹತ್ತಿರ ಎದ್ದರೆ ಶಾಫ್ಟಿನ ಬ್ಯಾಲೆನ್ಸ್, ಅದರ ಎರಡರಷ್ಟರಲ್ಲಿ ಎದ್ದರೆ ಜಾಯಿಂಟು. ಕೆಲವು ಫೋನ್‌ಗಳು 50ಕ್ಕಿಂತ ಮೇಲಿನದನ್ನು ಹಿಡಿಯುವುದಿಲ್ಲ, ಅದು ನೆನಪಿರಲಿ. ಇನ್ನೊಂದು ಮಾತು, ಗೇರ್ ಅನುಪಾತ ಒಂದಕ್ಕೊಂದು ಇರುವ ಗೇರ್‌ನಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ಆಗ ಫೋನಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಗೇರ್ ಬದಲಾಯಿಸಿ ನೋಡಲೇಬೇಕು.

ಹೊರಡುವಾಗ ಮಾತ್ರ ಜಗ್ಗಿದರೆ

ಇದು ಬೇರೆ ಕಾಯಿಲೆ. ಫಸ್ಟ್ ಗೇರ್‌ನಲ್ಲಿ ಕ್ಲಚ್ ಬಿಡುವಾಗ ಲಾರಿ ಗಡಗಡ ಅಂತ ಜಗ್ಗಿ, ಪೂರ್ತಿ ಬಿಟ್ಟ ಮೇಲೆ ಸರಿಯಾದರೆ, ಆಗ ಕ್ಲಚ್ ಮೇಲೆ ಅನುಮಾನ ಪಡುವುದು ನ್ಯಾಯ. ಪ್ಲೇಟಿಗೆ ಎಣ್ಣೆಯೋ ಗ್ರೀಸೋ ತಾಗಿರಬಹುದು. ಕ್ಲಚ್ ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಜಾಸ್ತಿ ಬಳಿದರೆ ತಿರುಗುವಾಗ ಎರಚಿ ಪ್ಲೇಟಿಗೇ ಬೀಳುತ್ತದೆ. ಇನ್ನೊಂದು ಕಾರಣ ನಮ್ಮ ಊರಿನ ಟ್ರಾಫಿಕ್ಕೇ. ಅರ್ಧ ಕ್ಲಚ್‌ನಲ್ಲಿ ಗಂಟೆಗಟ್ಟಲೆ ಅಂಗುಲ ಅಂಗುಲ ಹೋಗಿ ಹೋಗಿ ಫ್ಲೈವೀಲ್ ಮುಖ ಕಾದು ನೀಲಿ ಮಚ್ಚೆ ಬಿದ್ದಿರುತ್ತದೆ, ಆ ಮಚ್ಚೆಗಳು ಸುತ್ತಲಿನ ಕಬ್ಬಿಣಕ್ಕಿಂತ ಗಟ್ಟಿ. ಅದನ್ನು ಹಾಗೇ ಬಿಟ್ಟು ಹೊಸ ಪ್ಲೇಟ್ ಹಾಕಿದರೆ ಹಿಡಿದು ಬಿಟ್ಟು ಹಿಡಿದು ಬಿಟ್ಟು ಜಗ್ಗುತ್ತದೆ. ಹೊಸ ಪ್ಲೇಟಿನ ಸಣ್ಣ ಜಗ್ಗಾಟ ಸ್ವಲ್ಪ ಓಡಿದ ಮೇಲೆ ಹೊಂದಿಕೊಳ್ಳುವುದು ನಿಜ. ಆದರೆ 50, 60ರಲ್ಲಿ ಬರುವ ನಡುಕ ಓಡಿಸಿದರೆ ಹೋಗುವುದಿಲ್ಲ. ಹಾಗೇ ಓಡಿಸುತ್ತಿದ್ದರೆ ಸೆಂಟರ್ ಬೇರಿಂಗ್, ಗೇರ್‌ಬಾಕ್ಸ್ ಹಿಂದಿನ ಸೀಲು, ಬೇರಿಂಗು ಒಂದೊಂದಾಗಿ ಹೋಗುತ್ತವೆ.

ಶಾಫ್ಟ್ ಕೆಳಗೆ ಮಲಗಿ ನೋಡಿ

ರಸ್ತೆಯ ಕಡೆಯ ನಡುಕ ಅಂತ ಆದರೆ ಇಲ್ಲಿಂದ ಶುರು ಮಾಡಿ. ಎಂಜಿನ್ ಆಫ್, ಕೀ ನಿಮ್ಮ ಜೇಬಿನಲ್ಲಿ, ಚಕ್ರಕ್ಕೆ ಮರದ ತುಂಡು. ಇದು ಬಹಳ ಮುಖ್ಯ, ಏಕೆಂದರೆ ಶಾಫ್ಟ್ ಬಿಚ್ಚಿದ ಮೇಲೆ ಗೇರ್‌ನಲ್ಲಿದ್ದರೂ ಲಾರಿ ನಿಲ್ಲುವುದಿಲ್ಲ, ಕೆಲವು ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಕೂಡ ಗೇರ್‌ಬಾಕ್ಸ್ ಹಿಂದೆಯೇ ಇರುತ್ತದೆ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ.

ನನ್ನ ಲಾರಿಯ ತಪ್ಪು ಹಿಡಿದದ್ದು ಯಶವಂತಪುರದ ಟ್ರಕ್ ಟರ್ಮಿನಲ್ ಹತ್ತಿರ ಕೆಲಸ ಮಾಡುವ ವಯಸ್ಸಾದ ಮೇಸ್ತ್ರಿಯೊಬ್ಬರು. ಅವರು ಏನನ್ನೂ ಬಿಚ್ಚಲಿಲ್ಲ. ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ ಹಿಡಿದು ಕೆಳಗೆ ಮಲಗಿದರು, ಸ್ಲಿಪ್ ಜಾಯಿಂಟ್ (ಶಾಫ್ಟಿನ ಒಂದು ತುಂಡು ಇನ್ನೊಂದರೊಳಗೆ ಹಲ್ಲಿನ ಮೇಲೆ ಜಾರುವ ಜಾಗ) ಮೇಲೆ ಒಣಗಿ ಕಲ್ಲಾಗಿದ್ದ ಗ್ರೀಸು ಮಣ್ಣನ್ನು ಉಜ್ಜಿ ಉಜ್ಜಿ ತೆಗೆದರು. ಕೆಳಗಿನಿಂದ ಎರಡು ಪುಟ್ಟ ಬಾಣದ ಗುರುತು ಬಂದವು, ಒಂದು ಕೊಳವೆ ಮೇಲೆ, ಒಂದು ಒಳಗೆ ಹೋಗುವ ಹಲ್ಲಿನ ತುಂಡಿನ ಮೇಲೆ. ಎರಡೂ ಎದುರುಬದುರು ಇರಬೇಕು. ಇರಲಿಲ್ಲ, ಒಂದು ಹೆಬ್ಬೆರಳಿನಷ್ಟು ಪಕ್ಕಕ್ಕೆ ಹೋಗಿತ್ತು. "ಬಂದು ನೋಡಪ್ಪ, ನಿನ್ನ ಕ್ಲಚ್ ಇಲ್ಲಿದೆ" ಅಂತ ಕರೆದರು. ನಾನೂ ಪಕ್ಕದಲ್ಲಿ ಮಲಗಿ ಬೆರಳಿಟ್ಟು ನೋಡಿದೆ.

ಇದು ಯಾಕೆ ಇಷ್ಟು ಅದುರುತ್ತದೆ ಅಂತ ಅವರು ಕೈಯಲ್ಲೇ ತೋರಿಸಿದರು. ಕ್ರಾಸ್ ಇರುವ ಜಾಯಿಂಟ್ ಓರೆಯಾಗಿ ತಿರುಗುವಾಗ ಅದು ತಿರುಗಿಸುವ ಶಾಫ್ಟ್ ಒಂದೇ ಸಮನೆ ತಿರುಗುವುದಿಲ್ಲ, ಒಂದು ಸುತ್ತಿನಲ್ಲಿ ಎರಡು ಸಲ ಜೋರಾಗಿ ಎರಡು ಸಲ ನಿಧಾನವಾಗುತ್ತದೆ. ಶಾಫ್ಟಿನ ಎರಡು ತುದಿಯ ಯೋಕ್‌ಗಳು, ಅಂದರೆ ಕವೆಯ ಹಾಗೆ ಇರುವ ಆ ಬಾಯಿಗಳು, ಒಂದೇ ಸಾಲಿನಲ್ಲಿದ್ದರೆ ಒಂದು ಜಾಯಿಂಟ್ ಮಾಡಿದ ಏರುಪೇರನ್ನು ಇನ್ನೊಂದು ಸರಿ ಮಾಡುತ್ತದೆ. ಹಲ್ಲು ತಪ್ಪಿ ಕೂತರೆ ಸರಿ ಮಾಡಲು ಆಗದೆ ಉಳಿದದ್ದೆಲ್ಲ ನಡುಕವಾಗಿ ಬರುತ್ತದೆ. ಗೇರ್‌ಬಾಕ್ಸ್ ಕೂತ ಎತ್ತರ ಬದಲಾದರೂ ಇದೇ ಕಥೆ. ಮೌಂಟಿಂಗ್ ಕೆಳಗಿನ ಪ್ಯಾಕಿಂಗ್ ತುಂಡು ಒಂದು ಹಾಕಲು ಮರೆತರೂ ಜಾಯಿಂಟಿನ ಕೋನ ಬದಲಾಗುತ್ತದೆ. ಬಾಣದ ಗುರುತು ಇದ್ದರೆ ಅದನ್ನೇ ನಂಬಿ, ಕಣ್ಣಂದಾಜು ಬೇಡ.

ಅಲ್ಲೇ ಇರುವಾಗ ಉಳಿದದ್ದನ್ನೂ ನೋಡಿ. ಶಾಫ್ಟನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ತಿರುಚಿ ನೋಡಿ, ಕ್ರಾಸ್‌ನಲ್ಲಿ ಆಟ ಇರಬಾರದು. ಸೆಂಟರ್ ಬೇರಿಂಗ್ ರಬ್ಬರ್ ಹರಿದಿದೆಯಾ, ಬ್ರ್ಯಾಕೆಟ್ ಓರೆಯಾಗಿ ಬಿಗಿಯಾಗಿದೆಯಾ ನೋಡಿ. ಶಾಫ್ಟ್ ತುದಿಯಲ್ಲಿ ಬೋಲ್ಟ್ ಹಾಕಿ ಕೂಡಿಸುವ ಫ್ಲ್ಯಾಂಜ್‌ಗಳ ನಡುವೆ ಮಣ್ಣು, ತುಕ್ಕಿನ ಚೂರು ಸಿಕ್ಕಿದ್ದರೆ ಶಾಫ್ಟ್ ಓರೆ ಕೂರುತ್ತದೆ, ಬಿಚ್ಚಿ ಒರೆಸಿ ಹಾಕಿ. ಕೊಳವೆ ಮೇಲೆ ವೆಲ್ಡ್ ಮಾಡಿದ ಚಿಕ್ಕ ತೂಕದ ತುಂಡು ಬಿದ್ದುಹೋಗಿದ್ದರೆ ಆ ಜಾಗ ಖಾಲಿ ಕಾಣುತ್ತದೆ. ಗೇರ್‌ಬಾಕ್ಸ್ ಇಳಿಸುವಾಗ ಶಾಫ್ಟ್ ನೆಲಕ್ಕೆ ಬಿದ್ದು ನೆಗ್ಗಿದರೂ ಬ್ಯಾಲೆನ್ಸ್ ಹೋಗುತ್ತದೆ, ಸ್ಪೀಡ್ ಎರಡರಷ್ಟಾದರೆ ಬ್ಯಾಲೆನ್ಸ್ ತಪ್ಪಿದ ತೂಕ ಎಳೆಯುವ ಬಲ ನಾಲ್ಕರಷ್ಟು. ನೆಗ್ಗಿದ ಶಾಫ್ಟನ್ನು ಸುತ್ತಿಗೆಯಲ್ಲಿ ಸರಿ ಮಾಡಲು ಬಿಡಬೇಡಿ, ಮೆಷಿನ್ ಮೇಲೆ ಹಾಕಿ ಬ್ಯಾಲೆನ್ಸ್ ಮಾಡುವ ಕಡೆಗೆ ಕೊಡಿ.

ಇಳಿಸಲೇಬೇಕು ಅಂದರೆ

ಎಲ್ಲ ಟೆಸ್ಟೂ ಎಂಜಿನ್ ಕಡೆಗೇ ಕೈ ತೋರಿಸಿದರೆ ಇಳಿಸಲೇಬೇಕು. ಆಗ ಪಕ್ಕದಲ್ಲೇ ನಿಂತುಕೊಳ್ಳಿ. ಕ್ಲಚ್ ಪ್ಲೇಟ್ ತಿರುಗುಮುರುಗಾಗಿದೆಯಾ ಅನ್ನುವುದು ಮೊದಲ ನೋಟ, ಎಷ್ಟೋ ಪ್ಲೇಟ್ ಮೇಲೆ ಫ್ಲೈವೀಲ್ ಸೈಡ್ ಅಂತ ಬರೆದೇ ಇರುತ್ತದೆ. ಪ್ರೆಶರ್ ಪ್ಲೇಟ್ ಬೋಲ್ಟ್‌ಗಳನ್ನು ಒಂದೇ ಕಡೆಯಿಂದ ಸುತ್ತಾಗಿ ಬಿಗಿದಿದ್ದರೆ ಕವರ್ ಓರೆಯಾಗಿರಬಹುದು, ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಫ್ಲೈವೀಲ್ ಲೇತ್‌ಗೆ ಕೊಟ್ಟಿದ್ದರೆ ವಾಪಸ್ ಹಾಕುವಾಗ ಹಳೆಯ ಜಾಗದಲ್ಲೇ ಕೂತಿದೆಯಾ, ಕ್ರ್ಯಾಂಕ್ ಫ್ಲ್ಯಾಂಜ್ ಮೇಲೆ ಕಸ ಇದೆಯಾ ಕೇಳಿ. ಸಣ್ಣ ಏರುಪೇರು ಅಳೆಯುವ ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿ ನೋಡಿದರೆ ಫ್ಲೈವೀಲ್ ಮುಖ ಎಷ್ಟು ಓಲಾಡುತ್ತಿದೆ ಅಂತ ಗೊತ್ತಾಗುತ್ತದೆ, ಮಿತಿ ಎಷ್ಟು ಅನ್ನುವುದು ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಗೇಜ್ ಇಲ್ಲದ ಗ್ಯಾರೇಜಿನಲ್ಲಿ ಫ್ಲೈವೀಲ್ ಸರಿ ಇದೆ ಅಂದರೆ ನಾನು ಒಪ್ಪುವುದಿಲ್ಲ. ಹೊಸ ಪಿಕಪ್‌ಗಳಲ್ಲಿ ಕೆಲವಕ್ಕೆ ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ, ಅದನ್ನು ಮಾಮೂಲಿ ಫ್ಲೈವೀಲ್ ಹಾಗೆ ಲೇತ್‌ಗೆ ಹಾಕುವಂತಿಲ್ಲ.

ಕ್ಲಚ್ ಸುತ್ತ ಇರುವ ಬೆಲ್ ಹೌಸಿಂಗ್ ಕವಚದ ಡೋವೆಲ್ ಪಿನ್ನುಗಳನ್ನು ಮರೆಯಬೇಡಿ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನೇರ ಕೂರಿಸುವುದು ಅವೇ, ಬೋಲ್ಟ್‌ಗಳಲ್ಲ. ಒಂದು ಪಿನ್ ಕಳೆದುಹೋಗಿದ್ದರೆ ಬೋಲ್ಟ್ ಎಲ್ಲ ಬಿಗಿಯಾಗಿಯೇ ಇರುತ್ತವೆ, ಆದರೆ ಕ್ಲಚ್ ಶಾಫ್ಟ್ ನಡುವಿಗೆ ಬಂದಿರುವುದಿಲ್ಲ. ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರವನ್ನು ಕ್ಲಚ್ ಪ್ಲೇಟ್ ಮೇಲೆ ನೇತುಹಾಕಲು ಬಿಡಬೇಡಿ. "ಒಂದು ನಿಮಿಷ ಹಿಡ್ಕೋ" ಅಂತ ಬಿಟ್ಟರೂ ಪ್ಲೇಟಿನ ನಡುವಿನ ಹಬ್ಬು ಬಗ್ಗುತ್ತದೆ, ಹೊಸ ಪ್ಲೇಟ್ ಅಲ್ಲಿಗೇ ಹಾಳು. ಜ್ಯಾಕ್ ಕೊಟ್ಟೇ ಏರಿಸಬೇಕು, ಸುಲಭವಾಗಿ ಒಳಗೆ ಹೋಗದಿದ್ದರೆ ಬೋಲ್ಟ್ ಹಾಕಿ ಎಳೆಯಬಾರದು.

ಮುಂದಿನ ಸಲ ಬಿಚ್ಚುವ ಮೊದಲೇ ಬಿಳಿ ಪೇಂಟ್ ಹಿಡಿದು ಹೋಗಿ. ಸ್ಲಿಪ್ ಜಾಯಿಂಟ್, ಎರಡೂ ಫ್ಲ್ಯಾಂಜ್, ಸೆಂಟರ್ ಬೇರಿಂಗ್ ಬ್ರ್ಯಾಕೆಟ್ ಮೇಲೆ ಗೀಟು ಎಳೆದು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮೇಸ್ತ್ರಿಗೆ ಬೇಜಾರಾಗುತ್ತದೆ ಅಂತ ಸಂಕೋಚ ಬೇಡ, ಒಳ್ಳೆಯ ಮೇಸ್ತ್ರಿ ತಾನೇ ಗುರುತು ಹಾಕುತ್ತಾನೆ. ಕೆಲಸ ಮುಗಿದ ಮೇಲೆ ಅದೇ ರಸ್ತೆಯಲ್ಲಿ, ಅದೇ ಸ್ಪೀಡ್‌ನಲ್ಲಿ, ಒಂದು ಸಲ ಖಾಲಿ ಒಂದು ಸಲ ಲೋಡ್ ಹಾಕಿ ಓಡಿಸಿ ನೋಡಿ. ಎರಡು ಮೂರು ಟ್ರಿಪ್ ಆದ ಮೇಲೆ ಫ್ಲ್ಯಾಂಜ್ ಬೋಲ್ಟು, ಮೌಂಟಿಂಗ್ ಬೋಲ್ಟುಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿಸಿ.